ಗಂಟು ಕಟ್ಟಿದ ಮೆರುಗು

ವಯಸ್ಸಾದಂತೆ ಎಲ್ಲರ ಗಡ್ಡವೂ ಬೆಳ್ಳಗಾಗುತ್ತದೆ. ಬಲ್ಖೈರನ ಗಡ್ಡದ ತುದಿ ಮಾತ್ರ ಇವತ್ತಿಗೂ ಬೆಳ್ಳಗಾಗಿಲ್ಲ. ಮಣ್ಣಿನ ಪಾತ್ರೆಗೆ ಬಳಿಯುವ ಮೆರುಗಿನ ತೊಟ್ಟಿಯ ಮೇಲೆ ಬಗ್ಗಿ, ಮೊಣಕೈವರೆಗೆ ಕೈ ಮುಳುಗಿಸಿ ಕಲಸುವಾಗ ಅವನು ಗಡ್ಡವನ್ನೂ ಅದರಲ್ಲಿ ಅದ್ದಿಕೊಳ್ಳುತ್ತಾನೆ. ಶುಕ್ರವಾರದ ನಮಾಜಿಗೆ ಎಷ್ಟು ಉಜ್ಜಿ ತೊಳೆದರೂ ತುದಿಯಲ್ಲಿ ಬೂದುಗಪ್ಪು ಉಳಿದೇ ಇರುತ್ತದೆ. ಅವನ ಹೆಂಡತಿ ಯಾಮ್ನಾ, ಕಣ್ಣು ಕಾಣುತ್ತಿದ್ದ ಕಾಲದಲ್ಲಿ, "ನಿನ್ ಗಡ್ಡಾನ ಒಂದ್ಸಲ ಆವಿಗೇಲಿಟ್ಟು ಸುಟ್ಟು ನೋಡು, ಹಸಿರಾಗಿ ಬಂದ್ರೂ ಬರಬಹುದು" ಎನ್ನುತ್ತಿದ್ದಳು.

ಆವಿಗೆಯ ಜವಾಬ್ದಾರಿ ನನ್ನದು. ನಾನು ಫರಾಜಿ, ಮರಳುಗಾಡಿನ ಅಂಚಿನ ಊರಾದ ತಮ್‌ಗ್ರೂಟಿನ ಕುಂಬಾರಗೇರಿಯಲ್ಲಿ ಬೆಂಕಿ ಹಾಕುವವನು. ಬಲ್ಖೈರ್ ಕಲಸುತ್ತಾನೆ, ನಾನು ಸುಡುತ್ತೇನೆ. ಪಾತ್ರೆ ಚೆನ್ನಾಗಿ ಬಂದರೆ ಅದು ಅವನ ಮೆರುಗು, ಕೆಟ್ಟು ಬಂದರೆ ನನ್ನ ಬೆಂಕಿ. ಇಷ್ಟು ವರ್ಷಗಳಿಂದ ನಮ್ಮ ಸ್ನೇಹ ಇದೇ ನ್ಯಾಯದ ಮೇಲೆ ನಡೆದುಕೊಂಡು ಬಂದಿದೆ. ನಾನು ಸಹಿಸಿಕೊಂಡಿದ್ದೇನೆ.

ಕಲಸುವುದೆಂದರೆ ಏನು ಮಹಾ ಎನ್ನಬೇಡಿ. ಗುಡ್ಡದಿಂದ ತಂದ ಬಿಳಿಕಲ್ಲನ್ನು ಕುಟ್ಟಿ, ಬೀಸುಗಲ್ಲಿನಲ್ಲಿ ನುಣ್ಣಗೆ ಬೀಸಬೇಕು. ಅದಕ್ಕೆ ಒಂದಿಷ್ಟು ಕರಿಕಲ್ಲಿನ ಪುಡಿ, ಗುಜರಿ ತಾಮ್ರವನ್ನು ಸುಟ್ಟು ಕುಟ್ಟಿದ ಪುಡಿ, ಇವೆಲ್ಲ ಪಾತ್ರೆಯ ಮೈಗೆ ಹಿಡಿದುಕೊಳ್ಳಲಿ ಎಂದು ಜವೆಗೋಧಿ ಹಿಟ್ಟು, ಆಮೇಲೆ ನೀರು. ಎಷ್ಟೆಷ್ಟು ಹಾಕಬೇಕು ಎಂದು ಯಾರಾದರೂ ಕೇಳಿದರೆ ಬಲ್ಖೈರನ ಉತ್ತರ ಒಂದೇ: "ಸಾಕಾಗೋವಷ್ಟು." ಸಾಕಾಯಿತೋ ಇಲ್ಲವೋ ಎನ್ನುವುದನ್ನು ಅವನ ತೋರುಬೆರಳು ಹೇಳುತ್ತದೆ. ಅದನ್ನು ತೊಟ್ಟಿಯಲ್ಲಿ ಅದ್ದಿ ಎತ್ತಿ ಹಿಡಿದು, ತುದಿಯಿಂದ ಹನಿ ಬೀಳುವುದನ್ನೇ ಕಾಯುತ್ತಾನೆ. ಬೇಗ ಬಿದ್ದರೆ ಬೈಯುತ್ತಾನೆ, ಬೀಳದೇ ಇದ್ದರೆ ಇನ್ನೂ ಹೆಚ್ಚು ಬೈಯುತ್ತಾನೆ.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮೂರಿನ ಮೆರುಗು ಯಾರ ಮಾತೂ ಕೇಳುವುದಿಲ್ಲ. ಒಳಗೆ ಹೋಗುವಾಗ ಎಲ್ಲವೂ ಒಂದೇ ತೊಟ್ಟಿಯ ಕೆಸರು. ಹೊರಗೆ ಬರುವಾಗ ಒಂದು ಬಟ್ಟಲು ಕಡುಹಸಿರು, ಪಕ್ಕದ್ದು ಸಾಸಿವೆ ಬಣ್ಣ, ಇನ್ನೊಂದರ ಮೈತುಂಬ ಗುಳ್ಳೆ, ಮತ್ತೊಂದರಲ್ಲಿ ಅಂಚಿನಿಂದ ಇಳಿದ ಮೆರುಗೆಲ್ಲ ಬುಡದಲ್ಲಿ ಗಡ್ಡೆ ಕಟ್ಟಿ ಕೂತಿರುತ್ತದೆ. ಮರಾಕೆಶ್‌ನಿಂದ ಬರುವ ವ್ಯಾಪಾರಿಗಳು ಅದನ್ನೇ ಸವರಿ ಸವರಿ ಒಯ್ಯುತ್ತಾರೆ. ಹಾಗಾಗಿ ಬಲ್ಖೈರ್ ತಲೆ ಕೆಡಿಸಿಕೊಂಡವನಲ್ಲ. "ನಾನು ಕಲಸ್ತೀನಿ, ಫರಾಜಿ ಸುಡ್ತಾನೆ, ಮಿಕ್ಕಿದ್ದು ಅದರಿಷ್ಟ" ಎಂದುಬಿಡುತ್ತಿದ್ದ. ಅಂಥವನು ಗಡ್ಡ ನೆರೆತ ಮೇಲೆ, ಮೆರುಗು ತಾನು ಹೇಳಿದ ಜಾಗದಲ್ಲೇ ಉಬ್ಬಿ ಕೂರಬೇಕು, ಬೇರೆಡೆ ನುಣ್ಣಗಿರಬೇಕು ಎಂದು ಹಟಕ್ಕೆ ಬಿದ್ದ. ಅದಕ್ಕೆ ಕಾರಣ ಒಂದು ಚಹಾದ ಹರಿವಾಣ.

ನಮ್ಮಲ್ಲಿ ಮನೆಯ ಯಜಮಾನಿ ಯಾರು ಎಂದು ಕೇಳುವ ಅಗತ್ಯವೇ ಇಲ್ಲ. ಹರಿವಾಣದ ಮುಂದೆ ಯಾರು ಕೂತಿದ್ದಾರೆ ಎಂದು ನೋಡಿದರೆ ಸಾಕು. ಪುದೀನ ತುಂಬುವವಳು, ಸಕ್ಕರೆ ಅಚ್ಚನ್ನು ಒಡೆದು ಹಾಕುವವಳು, ಕೆಟಲನ್ನು ಮೇಲೆತ್ತಿ ಲೋಟದಲ್ಲಿ ನೊರೆ ಏಳುವಂತೆ ಸುರಿಯುವವಳು ಅವಳೇ. ಯಾಮ್ನಾ ಆ ಮನೆಗೆ ಸೊಸೆಯಾಗಿ ಬಂದು, ಅತ್ತೆ ತೀರಿಕೊಂಡ ಮೇಲೆ ಹರಿವಾಣದ ಮುಂದೆ ಕೂತವಳು. ಅವಳು ಸುರಿದ ಚಹಾದ ನೊರೆ ಲೋಟದ ಅಂಚಿಗೆ ಬಂದು ನಿಲ್ಲುತ್ತಿತ್ತೇ ಹೊರತು ದಾಟುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಕಣ್ಣುಬೇನೆ ಅವಳ ದೃಷ್ಟಿಯನ್ನು ವರ್ಷ ವರ್ಷವೂ ಒಂದೊಂದು ತುತ್ತು ತಿನ್ನುತ್ತ ಬಂದು, ಕೊನೆಗೆ ಪೂರ್ತಿ ನುಂಗಿತು. ಆಮೇಲೂ ಅವಳು ಹರಿವಾಣ ಬಿಟ್ಟುಕೊಡಲಿಲ್ಲ. ಎಲ್ಲಿ ಯಾವ ಲೋಟ ಎನ್ನುವುದು ಅವಳ ಕೈಗೆ ಗೊತ್ತಿತ್ತು, ಎಷ್ಟು ತುಂಬಿತು ಎನ್ನುವುದನ್ನು ಕಿವಿ ಹೇಳುತ್ತಿತ್ತು. ಅವಳಿಗೆ ಕಣ್ಣು ಕಾಣುವುದಿಲ್ಲ ಎನ್ನುವುದನ್ನು ಎಷ್ಟೋ ಅತಿಥಿಗಳು ಚಹಾ ಕುಡಿದು ಹೋದ ಮೇಲೆ ಬೇರೆಯವರಿಂದ ಕೇಳಿ ತಿಳಿದುಕೊಂಡದ್ದುಂಟು.

ಹೋದ ಚಳಿಗಾಲದಲ್ಲಿ ಎಡವಟ್ಟಾಯಿತು. ಮನೆ ತುಂಬ ಜನ, ಮಸೀದಿಯ ಗುರುಗಳಾದ ಫಕೀಹರು ಹರಿವಾಣದ ಪಕ್ಕದಲ್ಲೇ ಕಾಲು ಚಾಚಿಕೊಂಡು ಏನೋ ಹಳೇ ಕಥೆ ಹೇಳುತ್ತಿದ್ದರು. ಯಾರದೋ ಮೊಣಕಾಲು ತಾಗಿ ಹಿತ್ತಾಳೆಯ ಹರಿವಾಣ ಅಲುಗಿತು, ನುಣುಪಾದ ಹಿತ್ತಾಳೆಯ ಮೇಲೆ ಲೋಟಗಳು ಜಾರಿ ಒಂದು ಕಡೆಗೆ ಸೇರಿಕೊಂಡವು. ಯಾಮ್ನಾ ಕೆಟಲನ್ನು ಎಂದಿನಂತೆ ಎತ್ತರಕ್ಕೆ ಎತ್ತಿ, ಎಂದಿನ ಜಾಗಕ್ಕೆ, ಕುದಿಯುವ ಚಹಾವನ್ನು ಸುರಿದಳು. ಆ ಜಾಗದಲ್ಲಿ ಆಗ ಫಕೀಹರ ಪಾದವಿತ್ತು. ಅವರು ಚಂಗನೆ ಎದ್ದು ನಿಂತಾಗ ಅವರ ಬಾಯಿಂದ ಬಂದ ಮಾತು ಮಕ್ಕಳಿಗೆ ಅವರು ಕಲಿಸುವ ಪಾಠದಲ್ಲಿ ಇರಲಿಲ್ಲ.

ನಗಬೇಕಾದ ವಿಷಯವೇ, ನಾನಂತೂ ಮನೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಆವತ್ತೇ ಹರಿವಾಣ ಯಾಮ್ನಾಳ ಮುಂದಿನಿಂದ ಎದ್ದು ಹ್ನಿಯಾಳ ಮುಂದೆ ಕೂತಿತು.

ಹ್ನಿಯಾ ಬಲ್ಖೈರನ ತಂಗಿ. ವಾರ್ಜಾಜಾತ್‌ನಲ್ಲಿ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಒಂದು ಪೆಟ್ಟಿಗೆ ಹಿಡಿದುಕೊಂಡು ಅಣ್ಣನ ಮನೆಗೆ ಬಂದವಳು. ಬಂದ ಮೊದಲ ವರ್ಷ ಗೋಡೆ ಪಕ್ಕ ಕೂತು ಅವರಿವರ ಮುಖ ನೋಡುತ್ತಿದ್ದಳು. ಹರಿವಾಣ ಕೈಗೆ ಬಂದ ಮೇಲೆ ಅವಳ ಬೆನ್ನು ನೆಟ್ಟಗಾಯಿತು, ಕೈತುಂಬ ಬೆಳ್ಳಿ ಬಳೆ ಬಂತು, ಊರವರು "ಲಲ್ಲಾ ಹ್ನಿಯಾ, ಒಂದು ಲೋಟ" ಎಂದು ಯಜಮಾನಿಯನ್ನು ಕರೆಯುವ ಗೌರವದಿಂದ ಕೇಳತೊಡಗಿದರು. "ಅತ್ತಿಗೆಗೆ ಕಷ್ಟ ಅಂತ ಮಾಡ್ತಿದೀನಿ, ನನಗೇನು ಇದರಲ್ಲಿ" ಎಂದು ಅವಳು ಹೇಳುವಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ, ಅದನ್ನು ಮುಚ್ಚಿಡುವುದೇಕೆ.

ಯಾಮ್ನಾ ಬಾಯಿಬಿಟ್ಟು ಏನೂ ಹೇಳಲಿಲ್ಲ. ಅದೇ ಬಲ್ಖೈರನನ್ನು ಹೆದರಿಸಿದ್ದು. ಬೈಯುವುದನ್ನು ಬಿಟ್ಟಿದ್ದಳು. ಅವನ ಗಡ್ಡದ ಬಗ್ಗೆ, ಗೊರಕೆಯ ಬಗ್ಗೆ, ಅವನು ಹಾಡಲು ಹೋಗಿ ಕೆಡಿಸುವ ಹಾಡುಗಳ ಬಗ್ಗೆ ಒಂದು ಮಾತಿಲ್ಲ. ಚಹಾ ಹೊತ್ತಿಗೆ ಎದ್ದು ಒಳಕೋಣೆಗೆ ಹೋಗಿಬಿಡುತ್ತಿದ್ದಳು.

ಒಂದು ದಿನ ಬಲ್ಖೈರ್ ಆವಿಗೆಯ ಹತ್ತಿರ ಬಂದು ಕೂತ. "ಫರಾಜಿ, ನಮ್ಮನೇಲಿ ಸದ್ದೇ ಇಲ್ಲ ಕಣೋ."

"ಅದೃಷ್ಟವಂತ. ನಮ್ಮನೆಗೆ ಬಂದು ನೋಡು."

"ತಮಾಷೆ ಬೇಡ. ಲೋಟ ಜಾರದೇ ಇರೋ ಹರಿವಾಣ ಮಾಡಬೇಕು. ಮಣ್ಣಿಂದು. ನಿನ್ನ ಆವಿಗೇಲಿ ಸ್ವಲ್ಪ ಜಾಗ ಕೊಡು."

ಮೊದಲ ಹರಿವಾಣಕ್ಕೆ ಅವನು ಹೂಡಿದ ತರ್ಕ ಸರಳವಾಗಿತ್ತು. ನುಣುಪಾದದ್ದರ ಮೇಲೆ ಜಾರುತ್ತದೆ, ಅಂದರೆ ಒರಟಾದದ್ದರ ಮೇಲೆ ಜಾರುವುದಿಲ್ಲ. ಬಿಳಿಕಲ್ಲನ್ನು ಅರೆಬರೆ ಬೀಸಿ, ತರಿತರಿಯಾಗಿ ಕಲಸಿ, ಅಗಲವಾದ ಮಣ್ಣಿನ ತಟ್ಟೆಯ ತುಂಬ ಬಳಿದ. ಸುಟ್ಟು ಹೊರತೆಗೆದಾಗ ಲೋಟ ಜಾರಲಿಲ್ಲ ನಿಜ, ನೆಟ್ಟಗೆ ನಿಲ್ಲಲೂ ಇಲ್ಲ. ಒಂದು ಪೂರ್ವಕ್ಕೆ ವಾಲಿದರೆ ಇನ್ನೊಂದು ಪಶ್ಚಿಮಕ್ಕೆ ವಾಲಿತು. ಯಾಮ್ನಾ ಅದರ ಮೇಲೆ ಅಂಗೈ ಆಡಿಸಿದಳು.

"ಮೇಸ್ತ್ರಿಗಳೇ, ಇದು ಹರಿವಾಣಾನಾ? ನಾನು ಝಾಗೋರಾಗೆ ಹೋಗೋ ಹಳೇ ರಸ್ತೆ ಅಂದ್ಕೊಂಡೆ."

ಬಲ್ಖೈರನಿಗೆ ಆದ ಖುಷಿ ಹೇಳತೀರದು. ಅವಳು ಬೈದಿದ್ದಳಲ್ಲ. ಆವತ್ತು ಸಂಜೆ ಅವನು ನನ್ನ ಹತ್ತಿರ ಬಂದು ಆ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡ.

ಎರಡನೆಯ ಯೋಚನೆಗೆ ಅವನು ಹೆಚ್ಚು ಬುದ್ಧಿ ಖರ್ಚು ಮಾಡಿದ. ಬುದ್ಧಿ ಖರ್ಚಾದಷ್ಟೂ ಎಡವಟ್ಟು ದೊಡ್ಡದಾಯಿತು. ಮಣ್ಣಿನ ಲೋಟಗಳನ್ನೇ ಮಾಡಿ, ಅವುಗಳನ್ನು ಹರಿವಾಣದ ಮೇಲೆ ಇಟ್ಟೇ ಸುಟ್ಟರೆ, ಕರಗಿದ ಮೆರುಗಿನಲ್ಲಿ ಒಂದೊಂದು ಲೋಟವೂ ತನ್ನ ತಳದ ಅಚ್ಚನ್ನು ಒತ್ತಿಕೊಳ್ಳುತ್ತದೆ, ಆಮೇಲೆ ಆ ಗುಳಿಯಲ್ಲಿ ಅದು ಅಲುಗದೆ ಕೂರುತ್ತದೆ ಎಂದು ಅವನ ಲೆಕ್ಕ.

"ಅಂಟಿಕೊಳ್ಳುತ್ತಲ್ಲೋ" ಎಂದೆ. ಆವಿಗೆಯಲ್ಲಿ ಒಂದಕ್ಕೊಂದು ತಾಗಬಾರದೆಂದು ಪ್ರತಿಯೊಂದು ಪಾತ್ರೆಯ ಕೆಳಗೂ ಮಣ್ಣಿನ ಮುಕ್ಕಾಲಿ ಇಡುವುದು ನಮ್ಮ ಗೇರಿಯ ಮಕ್ಕಳಿಗೂ ಗೊತ್ತು.

"ಲೋಟದ ತಳಕ್ಕೆ ಬೂದಿ ಬಳೀತೀನಿ. ಯಾಮ್ನಾ ರೊಟ್ಟಿ ಅಂಟದೇ ಇರ್ಲಿ ಅಂತ ಕೆಳಗೆ ಬೂದಿ ಉದುರಿಸ್ತಾಳೆ. ರೊಟ್ಟಿ ಅಂಟಲ್ಲ, ಲೋಟ ಯಾಕೆ ಅಂಟುತ್ತೆ?"

ರೊಟ್ಟಿ ಸುಡುವ ಒಲೆಯೇ ಬೇರೆ, ನನ್ನ ಆವಿಗೆಯೇ ಬೇರೆ. ನನ್ನ ಬೆಂಕಿಯಲ್ಲಿ ಬೂದಿ ಕೂಡ ಕರಗಿ ಮೆರುಗಿನ ಜೊತೆ ಸೇರಿಕೊಳ್ಳುತ್ತದೆ, ಮೆರುಗನ್ನು ಇನ್ನಷ್ಟು ನೀರಾಗಿಸುತ್ತದೆ. ಅದನ್ನು ಹೇಳಲು ಹೋದರೆ ಅವನು ಕೇಳಬೇಕಲ್ಲ. ಹರಿವಾಣ ಹೊರಗೆ ಬಂದಾಗ ಅದಕ್ಕೆ ಲೋಟಗಳು ಎಂದೆಂದಿಗೂ ಬಿಡದ ಹಾಗೆ ಬೆಸೆದುಕೊಂಡಿದ್ದವು. ಕಡುಹಸಿರು ಬಣ್ಣ, ಕಣ್ಣಿಗೆ ಹಬ್ಬ. ಗೇರಿಯ ಜನವೆಲ್ಲ ಬಂದು ನೋಡಿದರು. ಬಲ್ಖೈರ್ ಒಂದು ಲೋಟವನ್ನು ಹಿಡಿದು ಎತ್ತಿದರೆ ಇಡೀ ಹರಿವಾಣವೇ ಮೇಲೆ ಬಂತು.

ಯಾಮ್ನಾಳ ಕೈಗೆ ಕೊಟ್ಟೆವು. ಅವಳು ಒಂದು ಲೋಟ ಎಳೆದಳು, ಇನ್ನೊಂದನ್ನು ಎಳೆದಳು, ವಿಷಯ ತಿಳಿದದ್ದೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದಳು. ತಿಂಗಳುಗಟ್ಟಲೆ ಒಳಗಿಟ್ಟುಕೊಂಡಿದ್ದ ನಗು ಅದು, ನಿಲ್ಲಲೇ ಇಲ್ಲ.

"ಫಕೀಹರನ್ನ ಕರೀರಿ" ಎಂದಳು ಉಸಿರು ಸಿಕ್ಕ ಮೇಲೆ. "ಎಲ್ಲರೂ ಮೇಕೆಗಳ ಥರ ಸುತ್ತ ನಿಂತು, ಬಗ್ಗಿ ಕುಡೀಲಿ."

ಹ್ನಿಯಾ ಒಳಗಿನಿಂದ, "ಅಣ್ಣ, ಈ ವಯಸ್ಸಲ್ಲಿ ಊರ ಮುಂದೆ ಯಾಕೆ ನಗೆಪಾಟಲಾಗ್ತೀಯ? ನಾನು ಮಾಡ್ತಾ ಇಲ್ವಾ ಚಹಾ?" ಎಂದಳು. ಯಾಮ್ನಾಳ ನಗು ಅಲ್ಲಿಗೆ ನಿಂತಿತು. ಆ ಹರಿವಾಣ ಈಗ ಅಂಗಳದಲ್ಲಿದೆ, ಕೋಳಿಗಳು ಅದರಲ್ಲಿ ನೀರು ಕುಡಿಯುತ್ತವೆ, ಒಂದೊಂದು ಕೋಳಿಗೆ ಒಂದೊಂದು ಲೋಟ.

ಅದಾದ ಮೇಲೆ ಬಲ್ಖೈರ್ ತಣ್ಣಗೆ ಕೂತು ಅವಳನ್ನು ಕೇಳಿದ. ಅದನ್ನು ಅವನು ಮೊದಲೇ ಮಾಡಬಹುದಿತ್ತು, ಆದರೆ ಗಂಡಸರಿಗೆ ಆ ದಾರಿ ಕೊನೆಗೇ ಹೊಳೆಯುವುದು. "ನಿಂಗೆ ನಿಜವಾಗಿ ಏನು ಬೇಕು ಹೇಳು."

"ಲೋಟ ಎಲ್ಲಿದೆ ಅಂತ ಗೊತ್ತಾಗ್ಬೇಕು. ಅದಕ್ಕೋಸ್ಕರ ಜನರ ಮುಂದೆ ತಡಕಾಡಬಾರದು. ಕುರುಡಿ ತಡಕಾಡ್ತಾಳೆ ಅಂತ ಅನ್ನಿಸ್ಕೊಂಡು ಚಹಾ ಸುರಿಯೋದಾದ್ರೆ ನಂಗೆ ಬೇಡ. ಬೆರಳ ತುದಿ ಒಂದ್ ಕಡೆ ತಾಗಿದ್ರೆ ಸಾಕು. ಒಂದೊಂದು ಲೋಟಕ್ಕೂ ಅದರದ್ದೇ ಒಂದು ಮನೆ ಇರ್ಬೇಕು, ಅಷ್ಟೇ."

ಹೀಗೆ ಉಂಗುರದ ಯೋಚನೆ ಹುಟ್ಟಿತು. ನುಣುಪಾದ ಹರಿವಾಣ, ಅದರ ಮೇಲೆ ಲೋಟ ಕೂರುವ ಜಾಗದ ಸುತ್ತ ಉಬ್ಬಿದ ಮೆರುಗಿನ ಉಂಗುರ. ಬೆರಳು ಉಂಗುರಕ್ಕೆ ತಾಗಿದರೆ ಲೋಟ ಅದರ ನಡುವೆ. ಹೇಳುವುದು ಸುಲಭ. ಬಲ್ಖೈರ್ ಮೆರುಗನ್ನು ದಪ್ಪಗೆ ಕಲಸಿ ಬೆರಳಿನಿಂದ ಉಂಗುರ ಬರೆದ, ನಾನು ಸುಟ್ಟೆ, ಉಂಗುರಗಳೆಲ್ಲ ಕರಗಿ ಹರಡಿ ಕೆಸರುಗುಂಡಿಯಾಗಿ ಬಂದವು. ಹಿಟ್ಟು ಹೆಚ್ಚು ಹಾಕಿದ, ಒಣಗುವಾಗಲೇ ಚಕ್ಕೆ ಎದ್ದು ಉದುರಿತು. ತಾಮ್ರ ಕಡಿಮೆ ಮಾಡಿದ, ಬಣ್ಣ ಕೆಟ್ಟಿತು, ಉಂಗುರ ಹಾಗೇ ಹರಿಯಿತು. ನನ್ನ ಆವಿಗೆಯಲ್ಲಿ ಪ್ರತಿಸಲವೂ ಒಂದು ಹರಿವಾಣದಷ್ಟು ಜಾಗ ಹೋಗುತ್ತಿತ್ತು, ಉಳಿದ ಕುಂಬಾರರು ನನ್ನ ಮೇಲೆ ಗೊಣಗುತ್ತಿದ್ದರು. ನಾನು ಅವನ ಮೇಲೆ ಗೊಣಗಿದೆ.

"ಬೆಂಕಿ ಜಾಸ್ತಿ ಮಾಡ್ತಿದೀಯ" ಎಂದ ಅವನು.

"ಹೌದೌದು, ಕೆಟ್ಟಿದ್ದು ನನ್ನದೇ ಅಲ್ವಾ. ನಿನ್ನ ಮೆರುಗು ಹಾಲುಗಲ್ಲದ ಕೂಸು."

ಈ ಜಗಳ ನಡೆದದ್ದು ಅವನ ಮನೆಯ ಅಂಗಳದಲ್ಲಿ. ಯಾಮ್ನಾ ಹೊಸ್ತಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. "ಹಿಟ್ಟು ಹೇಗೆ ಹಾಕ್ತೀಯ?" ಎಂದಳು ಗಂಡನಿಗೆ.

"ಹೇಗೆ ಅಂದ್ರೆ? ಹಿಡಿ ತುಂಬ ತಗೊಂಡು ಹಾಕೋದು."

"ಹಸಿ ಹಿಟ್ಟಾ?"

"ಮತ್ತಿನ್ನೇನು, ಮದುವೆ ಮಾಡಿಸಿ ಹಾಕ್ಬೇಕಾ?"

"ಇಷ್ಟು ವರ್ಷ ದಿನಾ ಬೆಳಗ್ಗೆ ನನ್ ಕೈಯಲ್ಲಿ ಜವೆಗೋಧಿ ಅಂಬಲಿ ಕುಡಿದಿದೀಯ. ಹಸಿ ಹಿಟ್ಟು ನೀರಲ್ಲಿ ತಳ ಹಿಡಿಯುತ್ತೆ. ಕುದಿಸಿದ್ರೆ ಗಟ್ಟಿಯಾಗಿ ನಿಲ್ಲುತ್ತೆ. ಅಂಬಲಿ ತಟ್ಟೇಲಿ ಆರಿದ್ರೆ ಕೆರೆದು ತೆಗೆಯೋಕೆ ಉಳಿ ಬೇಕು. ನಿನ್ನ ಕಲ್ಲಿನ ಪುಡೀನ ಅಂಬಲೀಲಿ ಕಲಸಿ ನೋಡು. ಕಲ್ಲು ಜಾಸ್ತಿ ಹಾಕು, ತಾಮ್ರ ಉಪ್ಪಿನಷ್ಟು ಹಾಕು."

ಬಲ್ಖೈರ್ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಅಂಬಲಿಯನ್ನು ಅವಳೇ ಕುದಿಸಿದಳು, ಗಂಟುಗಂಟಾಗಿ. "ಮೊದಲನೇ ಸಲ ಗಂಟಾಗ್ಲಿ ಅಂತ ಬೇಕಂತಲೇ ಮಾಡ್ತಿದೀನಿ, ನಮ್ಮತ್ತೆ ಇದ್ದಿದ್ರೆ ಮನೆಯಿಂದ ಓಡಿಸ್ತಿದ್ರು" ಎಂದಳು. ಬಲ್ಖೈರ್ ಅದರಲ್ಲಿ ಕಲ್ಲಿನ ಪುಡಿ ಕಲಸಿ ಬೆರಳು ಎತ್ತಿ ಹಿಡಿದ. ಹನಿ ಬೀಳಲೇ ಇಲ್ಲ. ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಹರಿವಾಣಕ್ಕೆ ಎಂದಿನ ಮೆರುಗನ್ನು ತೆಳ್ಳಗೆ ಬಳಿದು, ಒಣಗಿದ ಮೇಲೆ ಈ ಅಂಬಲಿ ಮೆರುಗಿನಿಂದ ಒಂದೊಂದೇ ಉಂಗುರ ಬರೆದ. ನಾನು ಬೆಂಕಿಯನ್ನು ಸ್ವಲ್ಪ ತಗ್ಗಿಸಿದೆ. ಅದನ್ನು ಅವನಿಗೆ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.

ಆವಿಗೆ ಪೂರ್ತಿ ಆರುವ ಮೊದಲೇ ತೆಗೆದು ನೋಡಿದರೆ ಉಂಗುರಗಳು ಕಾಳುಕಾಳಾಗಿ ಎದ್ದು ನಿಂತಿದ್ದವು. ಪಕ್ಕದ ಹಸಿರು ನುಣ್ಣಗೆ ಹರಿದಿತ್ತು, ಉಂಗುರ ಮಾತ್ರ ಹರಿಯದೆ ಮುತ್ತುಮುತ್ತಾಗಿ ಗಂಟು ಕಟ್ಟಿತ್ತು. ಕುಂಬಾರಗೇರಿಯ ಹಿರಿಯರು ಬಂದು, ಮೆರುಗು ಬೇಯಲಿಲ್ಲ ಎಂದು ತಲೆಯಾಡಿಸಿ ಹೋದರು. ಬಲ್ಖೈರ್ ಹರಿವಾಣವನ್ನು ತನ್ನ ಜಲ್ಲಾಬಾ ನಿಲುವಂಗಿಯ ಒಳಗೆ ಬಚ್ಚಿಟ್ಟುಕೊಂಡು, ಅದು ಇನ್ನೂ ಬಿಸಿಯಾಗಿದೆ ಎನ್ನುವುದನ್ನು ಮರೆತು, ಹಾಯ್ ಹಾಯ್ ಎನ್ನುತ್ತ ಮನೆಗೆ ಓಡಿದ.

ಯಾಮ್ನಾ ಬೆರಳಾಡಿಸಿದಳು. ಒಂದು ಉಂಗುರ, ಅದರ ಪಕ್ಕ ಇನ್ನೊಂದು, ನಡುವೆ ನುಣುಪು. ಮತ್ತೆ ಮೊದಲಿನಿಂದ ಆಡಿಸಿದಳು. ಬಲ್ಖೈರ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ.

"ಯಾವ ಬಣ್ಣ ಬಂದಿದೆ?" ಎಂದಳು.

"ಹಸಿರು. ಉಂಗುರ ಸ್ವಲ್ಪ ಕಂದು."

"ಸರಿ. ಮೊಮ್ಮಗಳ ನಾಮಕರಣದ ದಿನ ಹರಿವಾಣದ ಮುಂದೆ ನಾನು ಕೂರ್ತೀನಿ."

ಅವರ ಮಗನಿಗೆ ಆ ವಾರ ಹೆಣ್ಣುಮಗು ಹುಟ್ಟಿತ್ತು. ನಮ್ಮಲ್ಲಿ ಏಳನೆಯ ದಿನ ಹೆಸರಿಡುವುದು, ಊರೇ ಬರುತ್ತದೆ, ಹೆಸರು ಕೂಗಿ ಹೇಳಲು ಫಕೀಹರು ಬರಲೇಬೇಕು. ಹ್ನಿಯಾ ಕೇಳಿದ್ದೇ ತಡ, ಮುಖ ಬಿಗಿ ಮಾಡಿಕೊಂಡಳು.

"ಅತ್ತಿಗೆ, ಬೇರೆ ದಿನ ಕೂತ್ಕೊಳ್ಳಿ, ಬೇಡ ಅನ್ನಲ್ಲ. ಆವತ್ತೇ, ಅದೇ ಫಕೀಹರ ಮುಂದೇನೇ ಯಾಕೆ? ಏನಾದ್ರೂ ಆದ್ರೆ ಮಗು ಹೆಸರಿನ ಜೊತೆ ಆ ಮಾತೂ ಉಳಿಯುತ್ತೆ."

"ಹಾಗೇನಾದ್ರೂ ಆದ್ರೆ ಹರಿವಾಣ ನಿಂದೇ" ಎಂದಳು ಯಾಮ್ನಾ. "ಒಂದು ಹನಿ ಆಚೆ ಬಿದ್ರೂ, ನಾನು ಒಂದ್ಸಲ ತಡಕಾಡಿದ್ರೂ, ಇನ್ಮೇಲೆ ನಾನು ಅದನ್ನ ಕೇಳಲ್ಲ. ಸಾಯೋವರೆಗೂ ಕೇಳಲ್ಲ. ಫರಾಜಿ ಸಾಕ್ಷಿ."

ನನ್ನನ್ನು ಯಾಕೆ ಎಳೆದಳೋ. ಬಲ್ಖೈರನಿಗೆ ಊಟ ಸೇರಲಿಲ್ಲ. ನನಗೂ ಸೇರಲಿಲ್ಲ, ಆದರೆ ನಾನು ಉಂಡೆ.

ಹೆಸರಿಡುವ ದಿನ ಮಧ್ಯಾಹ್ನ ಮನೆ ಕಿಕ್ಕಿರಿದಿತ್ತು. ಫಕೀಹರು ಮಗುವಿಗೆ ಶಮ್ಸಾ ಎಂದು ಹೆಸರು ಹೇಳಿ, ಎಲ್ಲರೂ ಊಟ ಮಾಡಿ, ಕೈ ತೊಳೆದು, ಗೋಡೆಗೆ ಒರಗಿ ಕೂತ ಮೇಲೆ ಹರಿವಾಣ ಬಂತು. ಅದರ ಹಿಂದೆ ಯಾಮ್ನಾ ಬಂದು ಕೂತಳು. ಫಕೀಹರು ಮುಗುಳ್ನಗುತ್ತಲೇ ಎರಡೂ ಪಾದಗಳನ್ನು ನಿಲುವಂಗಿಯ ಒಳಗೆ ಎಳೆದುಕೊಂಡರು. ಬಲ್ಖೈರ್ ಬಾಗಿಲ ಬಳಿ ನಿಂತಿದ್ದ, ನಾನು ಅವನ ಪಕ್ಕದಲ್ಲಿ. ಹ್ನಿಯಾ ಹರಿವಾಣದ ಆಚೆ ಬದಿಯಲ್ಲಿ, ಹಳೆಯ ದಿನಗಳಂತೆ ಗೋಡೆ ಪಕ್ಕದಲ್ಲಿ ಕೂತಿದ್ದಳು.

ನಮ್ಮಲ್ಲಿ ಚಹಾ ಮೂರು ಸುತ್ತು. ಮೊದಲ ಸುತ್ತಿಗೆ ಯಾಮ್ನಾಳ ಎಡಗೈಯ ಕಿರುಬೆರಳು ಉಂಗುರದಿಂದ ಉಂಗುರಕ್ಕೆ ನಡೆಯಿತು, ಬಲಗೈಯ ಕೆಟಲು ಅದರ ಹಿಂದೆಯೇ ಮೇಲೆದ್ದು ಸುರಿಯಿತು. ನೊರೆ ಒಂದೊಂದು ಲೋಟದ ಅಂಚಿಗೂ ಬಂದು ನಿಂತಿತು. ಒಂದು ಹನಿ ಆಚೆ ಬೀಳಲಿಲ್ಲ. "ಅಲ್ಲಾಹು ನಿಮ್ಮ ಕೈಗೆ ಬಲ ಕೊಡಲಿ, ಲಲ್ಲಾ ಯಾಮ್ನಾ" ಎಂದರು ಫಕೀಹರು, ಮನಸಾರೆ. ಬಲ್ಖೈರ್ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಂಡಿದನೆಂದರೆ ಮಾರನೆಯ ದಿನವೂ ಅಲ್ಲಿ ನೋವಿತ್ತು.

ಆಮೇಲೆ ಜನ ಚಹಾ ಕುಡಿದು ಲೋಟಗಳನ್ನು ವಾಪಸು ಇಟ್ಟರು. ಆಗ ನನಗೆ ಹೊಳೆಯಿತು, ಬಲ್ಖೈರನಿಗೂ ಅದೇ ಕ್ಷಣ ಹೊಳೆಯಿತು. ಬೂದಿ, ಕಲ್ಲು, ಅಂಬಲಿ, ಎಲ್ಲವನ್ನೂ ಯೋಚಿಸಿದ್ದೆವು. ಮನುಷ್ಯರು ಲೋಟವನ್ನು ಎತ್ತಿಕೊಂಡ ಜಾಗದಲ್ಲಿ ಇಡುವುದಿಲ್ಲ ಎನ್ನುವುದನ್ನು ಯೋಚಿಸಿರಲಿಲ್ಲ. ಮಾತಾಡುತ್ತ, ನಗುತ್ತ, ಕೈಗೆ ಸಿಕ್ಕಲ್ಲಿ ಇಟ್ಟಿದ್ದರು. ಎರಡು ಲೋಟ ಉಂಗುರದ ಮೇಲೆ ಅಡ್ಡಾದಿಡ್ಡಿ, ಉಳಿದವು ಒಂದು ಮೂಲೆಯಲ್ಲಿ ಗುಂಪು. ಉಂಗುರಗಳು ಖಾಲಿ.

ಯಾಮ್ನಾ ಮತ್ತೆ ಕುದಿಸಿದ ಕೆಟಲನ್ನು ಎತ್ತಿದಳು. ಕಿರುಬೆರಳು ಮೊದಲ ಉಂಗುರಕ್ಕೆ ತಾಗಿತು, ಒಳಗೆ ಸರಿಯಿತು. ಅಲ್ಲಿ ಏನೂ ಇರಲಿಲ್ಲ. ಕೈ ನಿಂತಿತು. ಕೆಟಲು ಗಾಳಿಯಲ್ಲಿ ನಿಂತಿತು. ತಡಕಾಡುವುದಿಲ್ಲ ಎಂದು ಮಾತು ಕೊಟ್ಟಿದ್ದಳಲ್ಲ, ಅವಳ ಬೆರಳು ಕದಲಲಿಲ್ಲ. ಜನ ಇನ್ನೂ ಗಮನಿಸಿರಲಿಲ್ಲ, ಮಾತಿನಲ್ಲಿದ್ದರು. ಬಲ್ಖೈರ್ ಕೂಗಿದರೆ ಎಲ್ಲರಿಗೂ ತಿಳಿಯುತ್ತದೆ, ಕೂಗದಿದ್ದರೆ ಚಹಾ ನೆಲಕ್ಕೆ. ನಾನು ಹ್ನಿಯಾಳ ಕಡೆ ನೋಡಿದೆ. ಅವಳೂ ನೋಡಿದ್ದಳು, ಎಲ್ಲವನ್ನೂ. ಅವಳು ಮಾಡಬೇಕಾದ್ದು ಏನೂ ಇರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕು, ಬದುಕಿರುವವರೆಗೆ ಹರಿವಾಣ ಅವಳದು.

ಹ್ನಿಯಾ ಬಳೆಗಳನ್ನು ಸದ್ದಾಗದಂತೆ ಮೊಣಕೈ ತನಕ ಮೇಲಕ್ಕೆ ಒತ್ತಿಕೊಂಡಳು. ಕೂತಲ್ಲಿಂದಲೇ ಮುಂದೆ ಸರಿದು, ಗುಂಪಿನಿಂದ ಒಂದು ಲೋಟ ತೆಗೆದು, ಯಾಮ್ನಾಳ ಬೆರಳ ಪಕ್ಕಕ್ಕೆ, ಅದೇ ಉಂಗುರದಲ್ಲಿ ಇಟ್ಟಳು. ಮಣ್ಣಿಗೆ ಗಾಜು ತಾಗಿ ಟಕ್ ಎಂದಿತು. ಯಾಮ್ನಾ ಮುಖವನ್ನು ಸ್ವಲ್ಪ ಆ ಕಡೆ ತಿರುಗಿಸಿದಳು. ಅಲ್ಲಿರುವುದು ಯಾರೆಂದು ಅವಳ ಕಿವಿ ಹೇಳಿರಬೇಕು. ಚಹಾ ಬಿತ್ತು, ಲೋಟದೊಳಗೇ ಬಿತ್ತು. ಬೆರಳು ಮುಂದಿನ ಉಂಗುರಕ್ಕೆ ಹೋಗುವಷ್ಟರಲ್ಲಿ ಅಲ್ಲಿಯೂ ಟಕ್. ಹೀಗೆ ಒಂದರ ನಂತರ ಒಂದು, ಬೆರಳಿಗಿಂತ ಒಂದು ಹೆಜ್ಜೆ ಮುಂದೆ ಹ್ನಿಯಾಳ ಕೈ. ಎರಡನೆಯ ಸುತ್ತು ಮುಗಿಯಿತು. ಕೋಣೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಅಷ್ಟು ದಿನ ಆ ಹೆಂಗಸನ್ನು ನಾನು ಎಷ್ಟು ಸಣ್ಣದಾಗಿ ಅಳೆದಿದ್ದೆ ಎಂದು ನಾಚಿಕೆಯಾಯಿತು.

ಲೋಟಗಳು ವಾಪಸು ಬಂದವು, ಹ್ನಿಯಾ ಅವುಗಳನ್ನೂ ಅವುಗಳ ಮನೆಗೆ ಸೇರಿಸಿ, ಹಿಂದೆ ಸರಿದು ಮತ್ತೆ ಗೋಡೆಗೆ ಒರಗಿಕೊಂಡಳು. ಯಾಮ್ನಾ ಮೂರನೆಯ ಸುತ್ತಿನ ಮೊದಲ ಲೋಟ ತುಂಬಿದಳು. ಮೊದಲ ಲೋಟ ಯಾವಾಗಲೂ ಮನೆಗೆ ಬಂದ ದೊಡ್ಡವರಿಗೆ. ಫಕೀಹರು ಕೈ ಚಾಚಿಯೂ ಆಗಿತ್ತು. ಯಾಮ್ನಾ ಲೋಟವನ್ನು ಅವರ ಕಡೆ ಕೊಡಲಿಲ್ಲ. ಗೋಡೆಯ ಕಡೆಗೆ ಹಿಡಿದಳು.

"ಹ್ನಿಯಾ, ತಗೋ."

ಫಕೀಹರು ಚಾಚಿದ ಕೈಯಿಂದ ಗಡ್ಡ ನೀವಿಕೊಂಡರು.

"ಅತ್ತಿಗೆ, ಫಕೀಹರಿದ್ದಾರೆ" ಎಂದಳು ಹ್ನಿಯಾ ಮೆಲ್ಲಗೆ.

"ಇರ್ಲಿ, ಅವರಿಗೂ ಕೊಡ್ತೀನಿ. ನೀನು ಅಷ್ಟು ದೂರ ಯಾಕೆ ಕೂತಿದೀಯ? ಹತ್ರ ಬಾ, ಇಲ್ಲಿ ನನ್ ಪಕ್ಕ."

ಹ್ನಿಯಾ ಬಂದಳು. ಹರಿವಾಣದ ಮುಂದೆ, ಯಾಮ್ನಾಳ ಭುಜಕ್ಕೆ ಭುಜ ತಾಗುವಂತೆ ಕೂತಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕುಡಿಯಲು ಅವಳಿಗೆ ಬಹಳ ಹೊತ್ತು ಬೇಕಾಯಿತು.

"ಸಿಹಿ ಸಾಕಾ?" ಎಂದು ಯಾಮ್ನಾ ಕೇಳಿದಳು.

"ಸಾಕು, ಅತ್ತಿಗೆ."